ವರದೆಯ ಹಾದಿ

ನದಿಯ ಹಿರಿಮೆಯನ್ನು ಅದರ ಉದ್ದಗಲಗಳಿಂದ ಅಳೆಯುವುದು ಲೋಕರೂಢಿ. ಆದರೆ ಕನ್ನಡ ನಾಡಿನ ಚರಿತ್ರೆಯನ್ನು ಪರಿಶೀಲಿಸುವವರಿಗೆ ಈ ಅಳತೆಯು ಸಾಲದು. ಕೃಷ್ಣೆ, ಕಾವೇರಿಯರ ಮುಂದೆ ವರದೆಯು ಒಂದು ಕಿರುಹೊಳೆ. ಹಾಗಿದ್ದರೂ ಕನ್ನಡಿಗರ ಮೊದಲ ಸ್ವತಂತ್ರ ರಾಜ್ಯವು ತಲೆಯೆತ್ತಿದುದು ಇದರ ದಡದಲ್ಲಿಯೇ. ಅದಕ್ಕೆ ಕಾರಣವನ್ನು ಈ ಹೊಳೆಯು ಹರಿಯುವ ಹಾದಿಯಲ್ಲಿಯೇ ಅರಸಬೇಕಾಗಿದೆ.

ಶಿವಮೊಗ್ಗ ಜಿಲ್ಲೆಯ ಸಾಗರಕ್ಕೆ ಸಮೀಪವಾದ ವರದಾಮೂಲವೇ ನದಿಯ ಉಗಮಸ್ಥಾನ. ಕೆಳದಿಯ ಅರಸರು ಆಳಿದ ಇಕ್ಕೇರಿಯೂ, ಅಲ್ಲಿಯ ಅಘೋರೇಶ್ವರ ದೇವಾಲಯವೂ ಅಲ್ಲಿಗೆ ದೂರವಲ್ಲ. ಅಡಕೆಯ ತೋಟಗಳು, ಕಣಿವೆಯ ಗದ್ದೆಗಳು, ತೋಟಕ್ಕೆ ಗೊಬ್ಬರವನ್ನೊದಗಿಸುವ ಸೊಪ್ಪಿನ ಬೆಟ್ಟಗಳು, ಇವು ಇಲ್ಲಿಯ ಭೂಲಕ್ಷಣ. ಇದೇ ಸೀಮೆಯ ಶರಾವತಿಯು ಜೋಗದಲ್ಲಿ ಧುಮುಕಿ ಪಡುಗಡಲನ್ನು ಸೇರುತ್ತದೆ. ವರದೆಯಾದರೋ ಕಡಲಿಗೆ ಬೆನ್ನುಮಾಡಿ ಮೊದಲು ಉತ್ತರಕ್ಕೂ ಬಳಿಕ ಮೂಡಲಿಗೂ ತಿರುಗುತ್ತದೆ. ಮಲೆನಾಡನ್ನು ಬಯಲುಸೀಮೆಯೊಡನೆ ಹೆಣೆದುದು ಈ ತಿರುವೇ.

ಹೊಳೆಯು ಉತ್ತರ ಕನ್ನಡ ಜಿಲ್ಲೆಯ ಬನವಾಸಿಯನ್ನು ಬಳಸಿಕೊಂಡು ಹರಿಯುತ್ತದೆ. ಕಾಡು ವಿರಳವಾಗಿ ಬಯಲು ಬಿಚ್ಚಿಕೊಳ್ಳುವ ಎಡೆಯಿದು. ಬೆಟ್ಟದ ಹುಟ್ಟುವಳಿಯೂ ಗದ್ದೆಯ ಬತ್ತವೂ ಇಲ್ಲಿ ಕೈಗೆಟಕುತ್ತವೆ. ಹೊಳೆಯೇ ಊರಿಗೆ ಅಗಳು. ರಾಜಧಾನಿಗೆ ಇದಕ್ಕಿಂತ ಯೋಗ್ಯವಾದ ನೆಲೆ ದುರ್ಲಭ. ಕದಂಬರಿಗೆ ಮೊದಲೇ ಚುಟು ವಂಶದ ರಾಜಪುತ್ರಿಯೊಬ್ಬಳು ಇಲ್ಲಿ ನಾಗಶಿಲೆಯನ್ನೂ ಕೆರೆಯನ್ನೂ ವಿಹಾರವನ್ನೂ ದಾನಮಾಡಿದುದನ್ನು ಪ್ರಾಕೃತ ಶಾಸನವು ಸಾರುತ್ತದೆ. ಕಂಚಿಯಲ್ಲಿ ಅವಮಾನಿತನಾದ ಮಯೂರಶರ್ಮನು ಶಾಸ್ತ್ರವನ್ನು ಬದಿಗಿಟ್ಟು ಶಸ್ತ್ರವನ್ನು ಹಿಡಿದ ವೃತ್ತಾಂತವನ್ನು ಕುಬ್ಜಕವಿಯ ತಾಳಗುಂದ ಶಾಸನವು ತಿಳಿಸುತ್ತದೆ. ಇದು 4ನೆಯ ಶತಮಾನದ ಮಾತು.

ಕ್ರಿ. ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ಬನವಾಸಿ ಮುತ್ತಿಗೆಯನ್ನು ವರ್ಣಿಸುವಾಗ ವರದೆಯನ್ನು ಮರೆತಿಲ್ಲ. ಹೊಳೆಯ ತೆರೆಗಳ ಮೇಲೆ ವಿಹರಿಸುವ ಹಂಸಪಂಕ್ತಿಯನ್ನು ಆತನು ನಗರಿಗೆ ಒಡ್ಯಾಣವಾಗಿ ಕಂಡನು. ಸೇನಾಸಮುದ್ರವು ಸುತ್ತಲೂ ಕವಿದುದರಿಂದ ನೆಲದ ಕೋಟೆಯು ನೋಡುವವರಿಗೆ ಜಲದುರ್ಗದಂತೆ ತೋರಿತೆಂದು ಬಣ್ಣಿಸಿದನು. ಕದಂಬರು ಸೋತ ಸಂದರ್ಭದಲ್ಲಿ ಗೆದ್ದವರ ಕವಿಯೇ ಅವರ ನದಿಯನ್ನು ಕೊಂಡಾಡಿದುದು ಗಮನಾರ್ಹ. ಮುಂದೆ 941ರಲ್ಲಿ ಪಂಪನು ತನ್ನ ಭಾರತದಲ್ಲಿ ಬನವಾಸಿ ದೇಶವನ್ನು ಹಾಡಿ ಹರಸಿದುದು ಕನ್ನಡಿಗರೆಲ್ಲರಿಗೂ ವಿದಿತವೇ ಇದೆ.

ಬನವಾಸಿಯಿಂದ ಮುಂದೆ ಹೊಳೆಯು ಹಾವೇರಿ ಜಿಲ್ಲೆಯನ್ನು ಪ್ರವೇಶಿಸುತ್ತದೆ. ಪಾನುಂಗಲ್ಲೆಂದು ಹೆಸರಾಂತ ಹಾನಗಲ್ಲಿನ ಕಡೆಯಿಂದ ಧರ್ಮಾ ನದಿಯು ಬಂದು ಇದನ್ನು ಕೂಡುತ್ತದೆ. ಅಡಕೆಯ ಹಸುರು ಮರೆಯಾಗಿ ಎರೆಯ ನೆಲ, ಹತ್ತಿ, ಜೋಳಗಳು ಕಾಣತೊಡಗುತ್ತವೆ. ಕಡೆಗೆ ಗಳಗನಾಥದಲ್ಲಿ, ಚಾಲುಕ್ಯ ಶೈಲಿಯ ಗಳಗೇಶ್ವರ ದೇವಾಲಯದ ಬಳಿ, ವರದೆಯು ತುಂಗಭದ್ರೆಯಲ್ಲಿ ಲೀನವಾಗುತ್ತದೆ. ಈ ಊರಿನ ಹೆಸರನ್ನೇ ಕಾವ್ಯನಾಮವಾಗಿ ಧರಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಐತಿಹಾಸಿಕ ಕಾದಂಬರಿಗಳಿಂದ ಕನ್ನಡಿಗರಿಗೆ ಪೂರ್ವಸ್ಮೃತಿಯನ್ನು ಮರಳಿಸಿದರು.

ಮಳೆಗಾಲದಲ್ಲಿ ದಡಮೀರುವ ಈ ಹೊಳೆಯು ಬೇಸಗೆಯಲ್ಲಿ ಬಡವಾಗುತ್ತದೆ. ಆದುದರಿಂದ ಪಶ್ಚಿಮಾಭಿಮುಖಿಯಾದ ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಯೋಜನೆಯೊಂದು ಹುಟ್ಟಿದೆ. ನೀರಡಿಸಿದ ಬಯಲಿನ ಒಕ್ಕಲಿಗನ ಬೇಡಿಕೆಯು ಸುಳ್ಳಲ್ಲ; ಕಾಡನ್ನೂ ಕಣಿವೆಯನ್ನೂ ಕಳೆದುಕೊಳ್ಳುವೆವೆಂಬ ಶಿರಸಿ, ಯಲ್ಲಾಪುರಗಳ ಜನರ ಅಂಜಿಕೆಯೂ ಸುಳ್ಳಲ್ಲ. ಈ ಇಬ್ಬರನ್ನೂ ಸಾವಿರಾರು ವರ್ಷ ಒಂದೇ ಸೂತ್ರದಲ್ಲಿ ಕಟ್ಟಿದುದು ವರದೆ. ಒಬ್ಬರ ಹಿತಕ್ಕಾಗಿ ಇನ್ನೊಬ್ಬರನ್ನು ಬಲಿಗೊಡದ ಉಪಾಯವನ್ನು ಕಾಣುವುದೇ ಈಗಿನವರ ಹೊಣೆ. ಬೆಟ್ಟದ ಕಾಡೂ ಬಯಲಿನ ಕೆರೆಗಳೂ ಉಳಿದರೆ ಮಾತ್ರ ವರವನ್ನೀಯುವವಳೆಂಬ ಹೆಸರು ಹೊಳೆಗೆ ಸಾರ್ಥಕವಾಗಿ ಉಳಿದೀತು.