ಮಹಾವೀರಾಚಾರ್ಯರ ಕಲಾಸವರ್ಣ

ದ್ವೀಪಸಮುದ್ರಗಳ ವಿಸ್ತಾರ, ಕಾಲದ ಪ್ರಮಾಣ, ಕರ್ಮಗಳ ಸ್ಥಿತಿ ಇವೆಲ್ಲವನ್ನೂ ಜೈನಾಚಾರ್ಯರು ಸಂಖ್ಯೆಯ ಮೂಲಕ ನಿರೂಪಿಸಿದರು. ಈ ಪರಂಪರೆಯಲ್ಲಿ ಬೆಳಗಿದ ಮಹನೀಯರು ಮಹಾವೀರಾಚಾರ್ಯರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಕ್ರಿ.ಶ. 850ರ ಸುಮಾರಿಗೆ, ಅವರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಜಿನಸ್ತುತಿಯಿಂದ ಆರಂಭವಾಗುವ ಈ ಗ್ರಂಥದಲ್ಲಿ ನೃಪತುಂಗನ ಪ್ರಶಂಸೆಯೂ ಇದೆ.

ಭಿನ್ನರಾಶಿಗಳಿಗೆ ಮೀಸಲಾದ ಅಧ್ಯಾಯದ ಹೆಸರು 'ಕಲಾಸವರ್ಣ'. ಕಲಾ ಎಂದರೆ ಭಾಗ. ಸವರ್ಣವೆಂದರೆ ಒಂದೇ ಜಾತಿಗೆ ತರುವುದು. ಛೇದಗಳು ಬೇರೆ ಬೇರೆಯಾಗಿರುವ ಭಾಗಗಳನ್ನು ಹಾಗೆಯೇ ಕೂಡಲಾಗದು. ಮೊದಲು ಅವು ಸಮಚ್ಛೇದವಾಗಬೇಕು. ಛೇದಗಳನ್ನೆಲ್ಲ ಪರಸ್ಪರ ಗುಣಿಸುವುದು ಹಳೆಯ ಕ್ರಮ. ಮಹಾವೀರಾಚಾರ್ಯರು ಅದಕ್ಕಿಂತ ಸುಲಭವಾದ 'ನಿರುದ್ಧ'ವನ್ನು ಬೋಧಿಸಿದರು. ಇಂದು ಶಾಲೆಯಲ್ಲಿ ಮಕ್ಕಳು ಕಲಿಯುವ ಲಘುತ್ತಮ ಸಾಮಾನ್ಯ ಅಪವರ್ತ್ಯವೇ ಇದು. ಭಾರತೀಯ ಗಣಿತಜ್ಞರಲ್ಲಿ ಈ ಕಾರ್ಯಕ್ಕೆ ಇದನ್ನು ಮೊದಲು ಹೇಳಿದವರು ಇವರೇ ಎಂಬುದು ವಿದ್ವಾಂಸರ ಅಭಿಪ್ರಾಯ.

ಒಂದು ವ್ಯಾಪಾರದಲ್ಲಿ ಮೂವರಿಗೆ ಕ್ರಮವಾಗಿ 1/6, 1/10, 1/15 ಪಾಲು ಇದೆಯೆನ್ನೋಣ. ಮೂವರ ಒಟ್ಟು ಪಾಲೆಷ್ಟು? ಛೇದಗಳನ್ನು ಗುಣಿಸಿದರೆ 900, ಮೊತ್ತ 300/900. ನಿರುದ್ಧದ ಕ್ರಮದಲ್ಲಿ ಸಾಮಾನ್ಯ ಅಪವರ್ತನಗಳಾದ 2, 3, 5ರಿಂದ ಛೇದಗಳನ್ನು ಭಾಗಿಸುತ್ತ ಹೋದರೆ ಕೊನೆಗೆ ಉಳಿಯುವುದು ಒಂದೊಂದೇ. ಆ ಅಪವರ್ತನಗಳ ಗುಣಲಬ್ಧ 30 ನಿರುದ್ಧವಾಯಿತು. ಅದನ್ನು ಆಯಾ ಛೇದದಿಂದ ಭಾಗಿಸಿ, ಬಂದ ಫಲದಿಂದ ಅಂಶವನ್ನೂ ಛೇದವನ್ನೂ ಗುಣಿಸಿದರೆ ಪಾಲುಗಳು 5/30, 3/30, 2/30 ಆಗುತ್ತವೆ. ಮೊತ್ತ 10/30, ಅಂಶ ಛೇದಗಳೆರಡನ್ನೂ 10ರಿಂದ ಭಾಗಿಸಿ ಸಂಕ್ಷೇಪಿಸಿದರೆ 1/3. ಉತ್ತರ ಒಂದೇ, ಆದರೆ ದೊಡ್ಡ ಸಂಖ್ಯೆಗಳ ಶ್ರಮವೂ ತಪ್ಪಿನ ಭಯವೂ ಕಡಿಮೆಯಾದವು.

ಒಂದನ್ನು ಏಕಾಂಶ ಭಿನ್ನಗಳಾಗಿ ಒಡೆಯುವ ಸೂತ್ರವನ್ನೂ ಅವರು ನೀಡಿದ್ದಾರೆ. ಅದರಂತೆ 1/2, 1/3, 1/9, 1/18 ಇವುಗಳ ನಿರುದ್ಧ 18. ಅಂಶಗಳು 9, 6, 2, 1. ಮೊತ್ತ ಪೂರ್ಣ ಒಂದು.

ಇದು ಕೇವಲ ಬುದ್ಧಿವಿಲಾಸವಲ್ಲ. ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದನ್ನು ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ವ್ಯಾಪಾರವೃತ್ತಿಯ ಶ್ರಾವಕನಿಗೆ ಪಾಲಿನ ಲೆಕ್ಕ ಶುದ್ಧವಾಗಿರುವುದು ವ್ರತಪಾಲನೆಯ ಅಂಗವೇ ಸರಿ.

ಈ ಗ್ರಂಥವನ್ನು 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. 12ನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ರಚಿಸಿದನು. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು, ಡಾ. ಪದ್ಮಾವತಮ್ಮನವರ ಕನ್ನಡ ಅನುವಾದವನ್ನು ಹೊಂಬುಜ ಜೈನ ಮಠವು 2000ದಲ್ಲಿ ಹೊರತಂದಿತು. ಜಿನಬಿಂಬ ಪ್ರತಿಷ್ಠೆಯ ಈ ಪುಣ್ಯಸಂದರ್ಭದಲ್ಲಿ ಆ ಗ್ರಂಥವೂ ಶ್ರಾವಕರ ಮನೆಮನೆಗಳಲ್ಲಿ ಸ್ಥಾನ ಪಡೆಯಲಿ. ಮಕ್ಕಳು ಶಾಲೆಯಲ್ಲಿ ಕಲಿಯುವ ಲೆಕ್ಕದ ಹಿಂದೆ ತಮ್ಮ ನಾಡಿನ ಆಚಾರ್ಯರೊಬ್ಬರಿದ್ದಾರೆಂಬುದನ್ನು ಅರಿಯಲಿ.