ಡಿಸ್ಚಾರ್ಜ್ ಬುಕ್‌ನಲ್ಲಿ ಬರೆಯದ ಪದಕ ನಿಮ್ಮದಲ್ಲವೇ?

ರೋಣ, ನರಗುಂದ, ಗಜೇಂದ್ರಗಡದಲ್ಲಿ ಮಾಜಿ ಸೈನಿಕರಿರುವ ಮನೆಯವರು ಡಿಸ್ಚಾರ್ಜ್ ಬುಕ್ಕನ್ನು ಒಮ್ಮೆ ತೆರೆದು ನೋಡಿ. ಅದರಲ್ಲಿ ಇಲ್ಲದ ಪದಕಕ್ಕೆ ಹಕ್ಕೇ ಇಲ್ಲ ಎಂದುಕೊಳ್ಳುವುದು ತಪ್ಪು. ಅರ್ಹತೆ ಬರುವುದು ಮಾಡಿದ ಸೇವೆಯಿಂದ. ಘಟಕದ ಪಾರ್ಟ್-2 ಆದೇಶ ರೆಕಾರ್ಡ್ ಆಫೀಸಿನಲ್ಲಿ ದಾಖಲಾಗದಿದ್ದರೆ ಬುಕ್‌ನಲ್ಲೂ ಆ ಸಾಲು ಬಿಟ್ಟುಹೋಗಬಹುದು.

ನಾವು ಮೊದಲು ನೋಡಲು ಹೇಳುವುದು ದಿನಾಂಕಗಳನ್ನು. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವರ್ಷದ ಪದಕವಿದೆ. 1997ರಲ್ಲಿ ಅದೇ ದಿನ ಇದ್ದವರಿಗೆ 50ನೇ ವರ್ಷದ್ದು. 1971ರ ಯುದ್ಧದ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್ ಹಾಗಲ್ಲ. ಆಗ ಸಮವಸ್ತ್ರದಲ್ಲಿದ್ದರಷ್ಟೇ ಸಾಲದು, ಎಲ್ಲಿ, ಯಾವ ಅವಧಿಯಲ್ಲಿ ಇದ್ದರು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಅರ್ಜಿಗೆ ನೆರವಾಗುತ್ತದೆ, ದಾಖಲೆ ತಿದ್ದುವುದಿಲ್ಲ. ಜವಾನರ, ಜೆಸಿಓಗಳ ದಾಖಲೆ ತಿದ್ದುವುದು ಅವರವರ ರೆಕಾರ್ಡ್ ಆಫೀಸ್: ಮರಾಠಾ ಲಘು ಪದಾತಿದಳಕ್ಕೆ ಬೆಳಗಾವಿ, ಮದ್ರಾಸ್ ಸ್ಯಾಪರ್‌ಗಳಿಗೆ ಬೆಂಗಳೂರು. ಅರ್ಜಿಯಲ್ಲಿ ಸೇನಾ ಸಂಖ್ಯೆ, ಘಟಕ, ಸೇವಾವಧಿ ಇರಲಿ. ಬುಕ್‌ನ ನಕಲು ಕಳುಹಿಸಿ. ಮೂಲವನ್ನು ಮಾತ್ರ ಅಂಚೆಗೆ ಹಾಕಬೇಡಿ, ಕಳೆದರೆ ಇನ್ನೊಂದು ಅಲೆದಾಟ.

ಪಿಂಚಣಿ ಹೆಚ್ಚುತ್ತದೆಯೇ? ಇಲ್ಲ. ಇಂಥ ಸೇವಾ ಪದಕಗಳಿಗೆ ಹಣವಿಲ್ಲ. ಭತ್ಯೆ ಇರುವುದು ವೀರ ಚಕ್ರದಂಥ ಶೌರ್ಯ ಪದಕಗಳಿಗೆ.