ರಾಣಿ ಬದುಕಿದ್ದಾಗಲೇ ಇಟ್ಟ ಹೆಸರು

ಹೊಸದುರ್ಗದ ಕಡೆ ನಮ್ಮೂರಲ್ಲಿ ಬಸ್ ಸ್ಟ್ಯಾಂಡಿನ ಶೆಡ್ಡಿಗೆ ಒಬ್ಬ ನಾಯಕರ ಹೆಸರಿತ್ತು. ಅವರು ಚುನಾವಣೆ ಸೋತ ವರ್ಷ ಯಾರೋ ಅದಕ್ಕೆ ಸುಣ್ಣ ಬಳಿದರು, ಗೆದ್ದ ಮೇಲೆ ಮತ್ತೆ ಬರೆಸಿದರು. ಚಾವಣಿ ಮಾತ್ರ ಎರಡೂ ಕಾಲದಲ್ಲಿ ಸೋರ್ತಿತ್ತು. ಜನರ ದುಡ್ಡಲ್ಲಿ ಕಟ್ಟಿದ್ದಕ್ಕೆ ಬದುಕಿರೋರ ಹೆಸರು ಇಡಬಾರದು ಅನ್ನೋ ನನ್ನ ವಾದ ಹುಟ್ಟಿದ್ದು ಆ ಶೆಡ್ಡಲ್ಲೇ. 2021ರಲ್ಲಿ ಅಹಮದಾಬಾದಿನ ಸ್ಟೇಡಿಯಂಗೆ ಮೋದಿಯವರ ಹೆಸರಿಟ್ಟಾಗ ಆಫೀಸಲ್ಲಿ ಊಟ ಮಾಡ್ತಾ ಇದನ್ನೇ ಹೇಳಿದೆ. ಹಿರಿಯೂರಿನ ಗೆಳೆಯ ತಲೆ ಎತ್ತದೆ ಕೇಳಿದ, "ನಿಮ್ಮೂರ ಹಿನ್ನೀರಿಗೆ ಯಾರ ಹೆಸರಪ್ಪ?"

ವಾಣಿ ವಿಲಾಸ ಸಾಗರ. ಉತ್ತರ ಹೇಳೋಕೆ ನಾಚಿಕೆಯಾಯ್ತು.

ಚಾಮರಾಜೇಂದ್ರ ಒಡೆಯರ್ 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗನಿಗೆ ಹತ್ತು ವರ್ಷ. ಮಹಾರಾಣಿ ಕೆಂಪನಂಜಮ್ಮಣ್ಣಿ, ಅಂದ್ರೆ ವಾಣಿ ವಿಲಾಸ ಸನ್ನಿಧಾನ, 1902ರವರೆಗೆ ರೀಜೆಂಟ್ ಆಗಿ ಮೈಸೂರು ಆಳಿದರು. ಅವರ ಕಾಲದಲ್ಲೇ, 1898ರಲ್ಲಿ, ಹಿರಿಯೂರಿನ ಹತ್ತಿರ ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಕಲ್ಲುಕಟ್ಟಡ ಶುರುವಾಯ್ತು. ಮುಗಿದದ್ದು 1907ರಲ್ಲಿ. 130 ಅಡಿ ನೀರು ನಿಲ್ಲೋ ಅಣೆಕಟ್ಟು 1933ರಲ್ಲಿ ಕೋಡಿ ಬಿತ್ತು. ಮರುವರ್ಷ, 1934ರಲ್ಲಿ, ಮಹಾರಾಣಿ ತೀರಿಕೊಂಡರು. ತಮ್ಮ ಹೆಸರಿನ ಸಾಗರ ತುಂಬಿ ಹರಿದ ಸುದ್ದಿ ಕೇಳಿಯೇ ಹೋಗಿರಬೇಕು. ಮುಂದಿನ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ.

ಮಗನದೂ ಅದೇ ಕಥೆ. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜ ಸಾಗರಕ್ಕೆ ಆಗ ಆಳುತ್ತಿದ್ದ ನಾಲ್ವಡಿಯವರದೇ ಹೆಸರು. ಮಂಡ್ಯದ ರೈತ ಇವತ್ತಿಗೂ ಅದನ್ನ ಕನ್ನಂಬಾಡಿ ಅಂತಾನೆ, ಮುಳುಗಿದ ಊರಿನ ಹೆಸರು. ನಮ್ಮ ಕಡೆ ವಾಣಿ ವಿಲಾಸ ಅಂದ್ರೆ ಎಂಜಿನಿಯರು, ಪೇಪರು. ಉಳಿದವರಿಗೆಲ್ಲ ಮಾರಿಕಣಿವೆ. ಅಲ್ಲಿರೋ ಕಣಿವೆ ಮಾರಮ್ಮನ ಹೆಸರು ಅದು. ಚಿತ್ರದುರ್ಗ, ಹೊಳಲ್ಕೆರೆ ಎಲ್ಲಿ ಕೇಳಿದ್ರೂ ಹಾಗೇ.

ಹಾಗಂತ ಶೆಡ್ಡಿಗೂ ಅಣೆಕಟ್ಟಿಗೂ ಒಂದೇ ತಕ್ಕಡಿ ಹಿಡಿಯೋಕೆ ನನಗೆ ಮನಸ್ಸಿಲ್ಲ. ಅರಸೊತ್ತಿಗೆ ಹೋಗಿ ಮುಕ್ಕಾಲು ಶತಮಾನ ಆಯ್ತು, ಯಾರೂ ಸುಣ್ಣ ಬಳಿದಿಲ್ಲ. ಆದರೆ ಒಂದು ಪ್ರಶ್ನೆ ಬಿಡ್ತಿಲ್ಲ: ಹೆಸರಿಟ್ಟ ದಿನ ಬೇಡ ಅನ್ನೋ ಧೈರ್ಯ ಯಾರಿಗಿತ್ತು? ಆಳೋರ ಹೆಸರನ್ನ ಆಳೋರ ಸರ್ಕಾರವೇ ಇಟ್ಟಾಗ ಅದು ಜನರ ಕೃತಜ್ಞತೆಯೋ, ಅಧಿಕಾರಿಗಳ ಮುಖಸ್ತುತಿಯೋ ಹೇಗೆ ಗೊತ್ತಾಗಬೇಕು? ರಾಣಿ ಆ ಹೆಸರಿಗೆ ಯೋಗ್ಯರು ಅನ್ನೋದು ನಮಗೆ ಗೊತ್ತಾಗಿದ್ದು ಆಮೇಲೆ. ಅದಕ್ಕೇ ಕಾಯಬಹುದಿತ್ತು ಅಂತೀನಿ ನಾನು. ಗೆಳೆಯ ಒಪ್ಪಲ್ಲ. ಅವನ ಮನೆಯ ತೆಂಗಿಗೆ ಆ ನಾಲೆಯದೇ ನೀರು.

ನಮ್ಮದು ಮುಳುಗಿದ ಕಡೆ. 2022ರಲ್ಲಿ ಕೋಡಿ ನೋಡೋಕೆ ಅಜ್ಜಿಯನ್ನ ಕರ್ಕೊಂಡು ಹೋಗಿದ್ದೆ. ಬೋರ್ಡಲ್ಲಿದ್ದ ಹೆಸರು ಓದಿ ಹೇಳಿ, ರಾಣಿಯ ಕಥೆ ಹೇಳಿದೆ.

"ಪಾಪ, ಚಿಕ್ಕ ಮಗು ಇಟ್ಕಂಡು ರಾಜ್ಯ ಆಳಿದ್ಲಾ," ಅಂದ್ಲು. ಮಾರಮ್ಮನಿಗೆ ಕಾಯಿ ಒಡೆಸಿ ಬಂದು, ಸೆರಗು ಹಣೆಗೆ ಅಡ್ಡ ಹಿಡಿದು ನೀರಿನ ಕಡೆ ತುಂಬಾ ಹೊತ್ತು ನೋಡಿದಳು.

"ನಮ್ ತಾತನ ಹೊಲ ಯಾವ ಕಡೆ ಬರುತ್ತೋ ಮಗ?"